ಮುಖಕ್ಕೆ ಬ್ಲರ್, ಬ್ಯಾಡ್ಜ್ ಫಳಫಳ!

ಸಂಪಾದಕರೇ ನಮಸ್ಕಾರ,

ಮೊನ್ನೆ ಶಿರಸಿ ಕಡೆಯ ಒಂದು ಕೇಸಿನ ಸುದ್ದಿ ಜೊತೆ ಹುಡುಗನ ಫೋಟೋ ಹಾಕಿದ್ರಿ, ಮುಖಕ್ಕೇನೋ ಬ್ಲರ್ ಇತ್ತು, ಆದ್ರೆ ಯೂನಿಫಾರ್ಮಿನ ಬ್ಯಾಡ್ಜು, ಪಕ್ಕದಲ್ಲಿ ನಿಂತ ಅಪ್ಪ, ಹಿಂದಿನ ಅಂಗಡಿ ಬೋರ್ಡು ಎಲ್ಲಾ ಫಳಫಳ, ನಮ್ಮಂಥ ಊರಲ್ಲಿ ಯಾರ ಮನೆ ಹುಡುಗ ಅಂತ ಗೊತ್ತಾಗೋಕೆ ಇನ್ನೇನು ಬೇಕು ಮಾರಾಯ್ರೆ? 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ ಹೇಳೋ ಹಾಗಿಲ್ಲ, ಫೋಟೋನೂ ಹಾಕೋ ಹಾಗಿಲ್ಲ.

ಬೇರೆ ಫೋಟೋದಲ್ಲಿ ದಾರಿಹೋಕರ ಮುಖ ಮುಚ್ಚಬೇಕಾದ್ರೆ ಅದೇನು ದೊಡ್ಡ ಕೆಲಸ ಅಲ್ಲ. ಪುಕ್ಕಟೆ ಸಿಗೋ ಗಿಂಪ್ ಅನ್ನೋ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಫ್ರೀ ಸೆಲೆಕ್ಟ್ ಟೂಲಿಂದ ಮುಖದ ಸುತ್ತ ಗೆರೆ ಎಳ್ದು, ಅಂಚು ಕತ್ತರಿಸಿದ ಹಾಗೆ ಕಾಣ್ದೇ ಇರೋಕೆ ಸ್ವಲ್ಪ ಫೆದರ್ ಕೊಟ್ಟು, ಗಾಸಿಯನ್ ಬ್ಲರ್ ಹಾಕಿದ್ರೆ ಆಯ್ತು. ಕಂಜೂಸ್ತನ ಮಾತ್ರ ಬೇಡ, ತೆಳು ಬ್ಲರಲ್ಲಿ ಪರಿಚಯದವ್ರು ಗುರುತು ಹಿಡೀತಾರೆ. ವಾಹನದ ನಂಬರ್ ಪ್ಲೇಟಿಗಂತೂ ಬ್ಲರ್‌ಗಿಂತ ಕಪ್ಪು ಪಟ್ಟಿನೇ ವಾಸಿ. ಲೇಯರ್, ಅಂದ್ರೆ ಒಂದರ ಮೇಲೊಂದು ಪದರ ಇರೋ ಫೈಲನ್ನ ಹಂಗೇ ವಾಟ್ಸಾಪಲ್ಲಿ ಕಳಿಸೋರೂ ಇದ್ದಾರೆ, ಅಡಿಲಿ ಒರಿಜಿನಲ್ ಇರತ್ತಲ್ಲ!

ಆ ಹುಡುಗನ ಫೋಟೋ ಇ-ಪೇಪರಲ್ಲಿ ಇನ್ನೂ ಇದೆ, ಮೊದ್ಲು ಅದನ್ನ ತೆಗೀರಿ.

– ಸ್ಟುಡಿಯೋದವ, ಶಿರಸಿ