ದೋಸ್ತ, ಆ ರಿಪೇರಿ ಮುಗೀತು

ಕಲಬುರಗಿ, ಮಂಗಳವಾರ ರಾತ್ರಿ

ದೋಸ್ತ,

ವಾಟ್ಸಾಪಿನಲ್ಲಿ ಹಾಕಿದರೆ ನೀನು ಹೆಬ್ಬೆಟ್ಟು ಒತ್ತಿ ಮಲಗಿಬಿಡ್ತೀಯ, ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ಹಾಲ್‌ಗೆ ಬಣ್ಣ ಹೊಡೆಸಿದೆ. ಎರಡನೇ ಕೋಟ್ ಒಣಗಿದ ಮೇಲೆ ಅವ್ವ ಊರಿಂದ ಬಂದಳು. ಚೀಲ ಇಳಿಸಿ, ನಾಲ್ಕೂ ಗೋಡೆ ನೋಡಿ ಕೇಳಿದಳು: "ಬಣ್ಣ ಯಾವಾಗ ಹಚ್ಚತಾರಪ್ಪ?"

ನಗಬೇಡ. ಇದನ್ನು ಆರಿಸೋಕೆ ಇಪ್ಪತ್ತು ದಿನ ಹಿಡಿದಿದೆ. ಶೇಡ್ ಕಾರ್ಡಿನಲ್ಲಿ ಒಂದಕ್ಕೆ ಮರಳಿನ ಹೆಸರು, ಇನ್ನೊಂದಕ್ಕೆ ಅಣಬೆಯದು. ಬೆರಳಗಲದ ಚೀಟಿಯಲ್ಲಿ ಎಲ್ಲಾ ಒಂದೇ ಥರ. ಗೋಡೆ ಮೇಲೆ ಎರಡಡಿ ಚೌಕ ಹೊಡೆಸಿದಾಗಲೇ ಬಣ್ಣ ಬಯಲಾಗೋದು. ಮೊದಲನೆಯದು ಒಳ್ಳೇ ಬೀಜ್, ಅಂದರೆ ತಿಳಿ ಕಂದು ಅಂದುಕೊಂಡಿದ್ದೆ. ನಮ್ಮದು ಶಹಾಬಾದ್ ಕಲ್ಲಿನ ನೆಲ, ನೀಲಿ ಬೆರೆತ ಬೂದಿ ಬಣ್ಣ ಅಲ್ವಾ, ಅದರ ಪಕ್ಕ ಬೀಜ್ ಒಳಗೆ ಅಡಗಿದ್ದ ಗುಲಾಬಿ ಎದ್ದು ಬಂದು ಹಾಲ್ ಹೋಗಿ ಹೆರಿಗೆ ವಾರ್ಡ್ ಆಯಿತು. ಎರಡನೆಯದು ಹಗಲಲ್ಲಿ ಚೆಂದ, ರಾತ್ರಿ 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟಿನಲ್ಲಿ ಹಳಸಿದ ಪುಂಡಿಪಲ್ಯ. ಕೊನೆಗೆ ಕಾರ್ಡ್ ಬದಿಗಿಟ್ಟು ಪೇಂಟರ್‌ಗೆ "ತೊಗರಿ ಹೊಟ್ಟಿನ ಬಣ್ಣ ಬೇಕು" ಅಂದೆ. ಆತ ಸೀದಾ ಒಂದರ ಮೇಲೆ ಬೆರಳಿಟ್ಟ! 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಅನ್ನೋ ಗುರುತು ಕೊಟ್ಟರು, ಹೊಟ್ಟಿಗೂ ಕೊಡಬೇಕಿತ್ತು. ಅಂಗಡಿಯ ಮಶೀನು ಬಿಳಿ ಬೇಸ್‌ಗೆ ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ಚೂರು ಕಪ್ಪು ಹನಿಸಿತು. ಈ ಆಕ್ಸೈಡ್ ಅಂದರೆ ಕಬ್ಬಿಣದ ತುಕ್ಕೇ, ಕೆಮ್ಮಣ್ಣು ಕೆಂಪಾಗಿರೋದೂ ಅದರಿಂದಲೇ. ಅಂದರೆ ದುಡ್ಡು ಕೊಟ್ಟು ಮಣ್ಣು ತಂದೆ.

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ. ಆದರೆ ನಿನ್ನೆ ರಾತ್ರಿ ಅವ್ವ ಗೋಡೆಗೆ ಒರಗಿ ಊಟ ಮಾಡಿದಳು. ಏಳುವಾಗ ಕೈ ಹಿಂದೆ ಹಾಕಿ ಸೆರಗು ಝಾಡಿಸಿಕೊಂಡಳು. ಏನೂ ಹತ್ತಿರಲಿಲ್ಲ. ಎಮಲ್ಷನ್ ಅದು, ಒದ್ದೆ ಬಟ್ಟೆಯಿಂದ ಒರೆಸಿದರೂ ಹೋಗಲ್ಲ. ಆದರೂ ಎರಡು ಸಲ ಝಾಡಿಸಿಕೊಂಡಳು.

ಡಿಗ್ರಿ ಮೊದಲ ವರ್ಷ, ಸೂಪರ್ ಮಾರ್ಕೆಟ್ ಹತ್ತಿರ ನೀನು ನನ್ನ ಬಿಳಿ ಅಂಗಿಯ ಬೆನ್ನು ಝಾಡಿಸಿ "ಎಲ್ಲಿ ಹೊರಳಾಡಿ ಬಂದಿಯೋ" ಅಂದಿದ್ದೆ. ಬಸ್ಸಿನ ಸೀಟು ಅಂದೆ ನಾನು. ಸೀಟಲ್ಲ ಅದು. ನಮ್ಮ ಪಡಸಾಲೆ ಗೋಡೆ. ಮಣ್ಣಿನ ಗಿಲಾವು, ಒರಗಿದರೆ ಉದುರುತ್ತಿತ್ತು, ಇದೇ ಬಣ್ಣ. ಆಮೇಲೆ ಮೂರು ವರ್ಷ ನೀನು ಊರಿಗೆ ಬರ್ತೀನಿ ಅಂದಾಗಲೆಲ್ಲ "ಮನಿ ರಿಪೇರಿ ನಡದದ" ಅಂತಿದ್ದೆನಲ್ಲ, ಯಾವ ರಿಪೇರಿಯೂ ಇರಲಿಲ್ಲ. ಒಂದು ಸಲ ಜಾತ್ರೆಗೆ ನೀನು ಬರೋದು ಪಕ್ಕಾ ಆಗಿ, ಅವ್ವ ನಿನಗಂತ ಹೋಳಿಗೆ ಮಾಡಿದ್ದಳು. ನಿನಗೆ ಮನೆ ಕೀಲಿ ಹಾಕಿದೆ ಅಂದೆ, ಅವಳಿಗೆ ನಿನಗೆ ಜ್ವರ ಅಂದೆ. ಹೋಳಿಗೆ ನಾನೇ ತಿಂದೆ. ಆರು. ಈಗಲೂ ನಿನ್ನ ಮಾತು ಬಂದರೆ "ಆ ಜ್ವರದ ಹುಡುಗ ಹ್ಯಾಂಗದಾನ" ಅಂತ ಕೇಳ್ತಾಳೆ.

ಇಷ್ಟೆಲ್ಲ ಬರೆಯೋಕೆ ಕೂತಿರಲಿಲ್ಲ, ಪೇಂಟಿನ ವಾಸನೆ ತಲೆಗೇರಿದೆ ಅಂದುಕೋ. ಬಣ್ಣದ ವಿಷಯ ಅಂತ ಓದೋಕೆ ಬಂದ ಬೇರೆಯವರು ಕ್ಷಮಿಸಿ, ಸ್ಯಾಂಪಲ್ ಪೂರ್ತಿ ಒಣಗಿದ ಮೇಲೇ ನೋಡಿ, ಹಸಿಯಿದ್ದಾಗ ತಿಳಿಯಾಗಿ ಕಂಡು ಮೋಸ ಮಾಡುತ್ತೆ. ಬಲ್ಬೂ ಹಳದಿ ಬೆಳಕಿನ 3000 ಕೆಲ್ವಿನ್‌ದು ಹಾಕಿಸಿ.

ನೀನು ಭಾನುವಾರ ಬಾ. ಅವ್ವ ಇಲ್ಲೇ ಇರ್ತಾಳೆ, ಹೋಳಿಗೆನೂ ಇರುತ್ತೆ. ಬಂದ ತಕ್ಷಣ ಒಂದೆರಡು ಸಲ ಕೆಮ್ಮು.