ಹೆಪ್ಪು ಕೊಟ್ಟವರಿಗೆ

ಕಳೆದ ಭಾನುವಾರ ನಮ್ಮ ಊರಿನ ಆರ್-ಲೇಡೀಸ್ ಬಳಗದ ಜವಾಬ್ದಾರಿಯನ್ನು ಇಬ್ಬರು ಹುಡುಗಿಯರ ಕೈಗೆ ಒಪ್ಪಿಸಿದೆ. ಆರು ವರ್ಷ ನೋಡಿಕೊಂಡಿದ್ದೆ. ಅವತ್ತು ನಾಲ್ಕು ಮಾತಾಡಿ ಎಂದಾಗ ಗಂಟಲು ಕಟ್ಟಿತು, ಸುಮ್ನೆ ಕೂತುಬಿಟ್ಟೆ. ಹೇಳಬೇಕಿದ್ದ ಥ್ಯಾಂಕ್ಸ್ ಎಲ್ಲ ಒಳಗೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಆರ್ ಅಂದರೆ ಲೆಕ್ಕಾಚಾರಕ್ಕೆ, ಅಂಕಿಅಂಶಕ್ಕೆ ಬಳಸುವ ಕಂಪ್ಯೂಟರ್ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದಲ್ಲಿ ಅದನ್ನು ಕಟ್ಟಿದರು. ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆ ಭಾಷೆ ಕಲಿಯುವ, ಕಲಿಸುವ ಹೆಂಗಸರ ಬಳಗವೇ ಆರ್-ಲೇಡೀಸ್. ಹೆಂಗಸರಷ್ಟೇ ಅಲ್ಲ, ಲಿಂಗದ ಕಾರಣಕ್ಕೆ ಹಿಂದೆ ಉಳಿದ ಎಲ್ಲರದ್ದೂ.

ನಾನು ಕೃಷಿ ಸಂಶೋಧನೆಯ ಒಂದು ಯೋಜನೆಯಲ್ಲಿ ಅಂಕಿಅಂಶದ ಕೆಲಸ ಮಾಡುತ್ತಿದ್ದೆ. ರಾಗಿ ತಾಕುಗಳ ಇಳುವರಿ ಬರುತ್ತಿತ್ತು, ಆರ್‌ಬಿಡಿ, ಅನೋವಾ, ಸಿಡಿ ವ್ಯಾಲ್ಯೂ, ಅಂದರೆ ಇಳುವರಿಯ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ತೋರಿಸುವ ಲೆಕ್ಕಗಳನ್ನು ಮಾಡಿಕೊಡುತ್ತಿದ್ದೆ. 2018ರಲ್ಲಿ ಯೋಜನೆಯ ಹಣ ನಿಂತಿತು. ದುಡ್ಡು ಕೊಟ್ಟು ಬಳಸುತ್ತಿದ್ದ ಸಾಫ್ಟ್‌ವೇರಿನ ಲೈಸೆನ್ಸ್ ಮುಗಿಯಿತು. ಥೀಸಿಸ್ ಕೊಡಬೇಕಿದ್ದ ಮೂವರು ಹುಡುಗಿಯರು ಡೇಟಾ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆರ್ ಕಲಿತು ಮಾಡಿಕೊಡುತ್ತೇನೆ ಅಂದೆ. ಮೇಲಿನವರೊಬ್ಬರು, 'ನಿಮಗ್ಯಾಕಮ್ಮಾ ಪ್ರೋಗ್ರಾಮಿಂಗು? ಡೇಟಾ ಎಂಟ್ರಿ ಚೆನ್ನಾಗಿ ಮಾಡ್ತೀರಿ, ಅದನ್ನೇ ಮಾಡಿ' ಅಂದರು. ಬೈಗುಳವಲ್ಲ. ಒಳ್ಳೆಯ ಮಾತಿನ ಹಾಗೇ ಹೇಳಿದರು. ಅದಕ್ಕೇ ಜಾಸ್ತಿ ನೋವಾಯಿತು.

ಹಾಗಾಗಿ ಮೊದಲ ಥ್ಯಾಂಕ್ಸ್ ನಾನು ಕಂಡೇ ಇರದ ಒಬ್ಬರಿಗೆ. ಪೆರುವಿನ ಲಾ ಮೊಲಿನಾ ಕೃಷಿ ವಿಶ್ವವಿದ್ಯಾಲಯದ ಫೆಲಿಪೆ ದೆ ಮೆಂಡಿಬುರು ಎಂಬ ಮೇಷ್ಟ್ರು 'ಅಗ್ರಿಕೋಲೇ' ಅನ್ನುವ ಪ್ಯಾಕೇಜ್, ಅಂದರೆ ಆರ್‌ಗೆ ಸೇರಿಸಿಕೊಳ್ಳುವ ಸಿದ್ಧ ಲೆಕ್ಕಗಳ ಕಟ್ಟು, ಬರೆದಿದ್ದಾರೆ. ನಮ್ಮ ತಾಕುಗಳಿಗೆ ಬೇಕಿದ್ದುದೆಲ್ಲ ಅದರಲ್ಲಿ ಇತ್ತು. ಅವರು ಪೆರುವಿನಲ್ಲಿ ಬರೆದದ್ದು ನಮ್ಮ ರಾಗಿಗೂ ಆಯಿತು. ಮೂರು ಥೀಸಿಸ್ ಹೊತ್ತಿಗೆ ಸರಿಯಾಗಿ ಹೋದವು.

ಎರಡನೆಯದು, ಬೆಂಗಳೂರಿನಲ್ಲಿ ಆರ್ ಕಲಿಯುವವರ ಒಂದು ಕೂಟದಲ್ಲಿ ಪಕ್ಕ ಕೂತಿದ್ದ ಅಕ್ಕನಿಗೆ. ರಾತ್ರಿ ಬಸ್ಸಿನಲ್ಲಿ ಬಂದು ನಿದ್ದೆಗಣ್ಣಲ್ಲಿ ಕೂತಿದ್ದೆ. ಸುತ್ತ ಎಲ್ಲ ಗಂಡಸರು. ಊಟದ ಹೊತ್ತಿನಲ್ಲಿ ಆ ಅಕ್ಕ ಆರ್-ಲೇಡೀಸ್ ವಿಷಯ ಹೇಳಿದರು. ನಮ್ಮ ಊರಲ್ಲಿ ಇಲ್ಲವಲ್ಲ ಅಂದೆ. 'ಇಲ್ಲದಿದ್ದರೆ ನೀವೇ ಶುರು ಮಾಡಿ' ಅಂದರು. ಅನುಮತಿ ಯಾರು ಕೊಡುತ್ತಾರೆ ಎಂದು ಕೇಳಿದೆ. ನನ್ನ ಇಪ್ಪತ್ತು ವರ್ಷದ ಕೆಲಸ ನನಗೆ ಕಲಿಸಿದ್ದ ಮೊದಲ ಪ್ರಶ್ನೆ ಅದೇ ಆಗಿತ್ತು.

ಆ ರಾತ್ರಿ ವಾಪಸು ಬಸ್ಸಿನಲ್ಲಿ ಮೊಬೈಲಿನಲ್ಲಿ ಓದುತ್ತಾ ಬಂದೆ. ಬ್ರೆಜಿಲ್ಲಿನ ಗೇಬ್ರಿಯೆಲಾ ದೆ ಕೈರೋಜ್ ಅಮೆರಿಕಕ್ಕೆ ಬಂದು, ಸ್ಯಾನ್ ಫ್ರಾನ್ಸಿಸ್ಕೋದ ಉಚಿತ ಕೂಟಗಳಿಗೆ ಹೋಗಿ ಬಹಳ ಕಲಿತರಂತೆ. ಪುಕ್ಕಟೆ ಕಲಿತದ್ದನ್ನು ತಾನೂ ಯಾರಿಗಾದರೂ ಕೊಡಬೇಕು ಎಂದು 2012ರ ಅಕ್ಟೋಬರ್ 1ರಂದು ಆರ್-ಲೇಡೀಸ್ ಶುರು ಮಾಡಿದರು. 2016 ಬಂದರೂ ಬಳಗ ಇದ್ದದ್ದು ನಾಲ್ಕೇ ಕಡೆ: ಸ್ಯಾನ್ ಫ್ರಾನ್ಸಿಸ್ಕೋ, ತೈಪೆ, ಮಿನೆಸೋಟಾದ ಅವಳಿ ನಗರ, ಲಂಡನ್. ಆ ವರ್ಷ ನಾಲ್ಕೂ ಕಡೆಯವರು ಒಟ್ಟಾದರು, ಆರ್ ಬಳಸುವವರಿಗೆ ನೆರವಾಗುವ ಆರ್ ಕನ್ಸಾರ್ಟಿಯಂ ಎಂಬ ಸಂಸ್ಥೆಯಿಂದ ಒಂದಿಷ್ಟು ಹಣ ಬಂತು. ಈಗ 60ಕ್ಕೂ ಹೆಚ್ಚು ದೇಶಗಳಲ್ಲಿ 200ಕ್ಕೂ ಹೆಚ್ಚು ಬಳಗಗಳಿವೆ. ನಡೆಸುವವರೆಲ್ಲ ತಮ್ಮ ಕೆಲಸ, ಮನೆ ಮುಗಿಸಿಕೊಂಡು ಮಾಡುವವರು.

ಅಷ್ಟು ಬೇಗ ಬೆಳೆದದ್ದು ಹೇಗೆ ಎಂದು ಜನ ಕೇಳುತ್ತಾರೆ. ಹೊರಗಿನಿಂದ ದೊಡ್ಡ ಸಮ್ಮೇಳನಗಳು ಕಾಣುತ್ತವೆ. ನಾನು ಒಳಗಿನಿಂದ ಕಂಡದ್ದು ಬೇರೆ. ಚಿಕ್ಕವರಿದ್ದಾಗ ಮನೆಯಲ್ಲಿ ಮೊಸರು ಮುಗಿದರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುತ್ತಿದ್ದೆವು, ಹೆಪ್ಪಿಗೆ ಒಂದು ಚಮಚ ಬೇಕು ಎಂದು. ಯಾರೂ ಇಲ್ಲ ಅಂದದ್ದಿಲ್ಲ. ಮರುದಿನಕ್ಕೆ ಅವರೂ ಒಂದು ಚಮಚ ಎತ್ತಿಟ್ಟೇ ಇರುತ್ತಿದ್ದರು. ಆರ್-ಲೇಡೀಸ್‌ನವರೂ ಹಾಗೆ ಎತ್ತಿಟ್ಟಿದ್ದರು. ಬಳಗ ಶುರು ಮಾಡುವುದು ಹೇಗೆ, ಮೊದಲ ಭೇಟಿಗೆ ಏನು ಬೇಕು, ಲೋಗೋ, ನೇರಳೆ ಬಣ್ಣ, ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಏನು ಮಾಡಬೇಕು, ಎಲ್ಲ ಬರೆದಿಟ್ಟಿದ್ದರು. ನಡವಳಿಕೆಯ ನಿಯಮ ಬೇರೆ ಬೇರೆ ಭಾಷೆಗಳಲ್ಲಿತ್ತು. ನಾನು ಯಾವ ಬಾಗಿಲನ್ನೂ ಬಡಿಯಬೇಕಾಗಲಿಲ್ಲ. ಒಂದು ಮೇಲ್ ಕಳಿಸಿದೆ, 'ಬನ್ನಿ' ಅಂದರು. ಆ ಕೈಪಿಡಿಯ ಒಂದೊಂದು ಸಾಲು ಬರೆದವರಿಗೂ, ತಿದ್ದಿದವರಿಗೂ ನಾನು ಋಣಿ. ನಿಮ್ಮಲ್ಲಿ ಎಷ್ಟೋ ಜನರ ಹೆಸರೂ ನನಗೆ ಗೊತ್ತಿಲ್ಲ.

2019ರಲ್ಲಿ ನಮ್ಮ ಮೊದಲ ಭೇಟಿಗೆ ಬಂದವರು ಇಬ್ಬರು. ಒಬ್ಬರ ತೊಡೆಯ ಮೇಲೆ ಏಳು ತಿಂಗಳ ಮಗು. ಅರ್ಧಕ್ಕೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಇರುವವರೆಗೂ ಕೂತೆವು. ಎರಡನೇ ಸಲ ಬರುವಾಗ ಆ ತಾಯಿ ಇನ್ನಿಬ್ಬರನ್ನು ಕರೆತಂದರು. ನನ್ನನ್ನು ಮುಂದುವರಿಸಿದವರು ಅವರು. ಈಗ ಅವರ ಮಗಳು ಶಾಲೆಗೆ ಹೋಗುತ್ತಾಳೆ, ಅವರು ಒಂದು ಆಸ್ಪತ್ರೆಯಲ್ಲಿ ಡೇಟಾ ಕೆಲಸದಲ್ಲಿದ್ದಾರೆ. ತಾಯೀ, ನೀವು ಎರಡನೇ ಸಲ ಬರದಿದ್ದರೆ ನಾನು ಬಾಗಿಲು ಹಾಕುತ್ತಿದ್ದೆ. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ.

ಭಾನುವಾರದ ರಜೆ ಬಿಟ್ಟು ಕೋಣೆಯ ಬೀಗ ತೆಗೆದುಕೊಟ್ಟ ಗ್ರಂಥಾಲಯದ ಸರ್, ಪ್ರೊಜೆಕ್ಟರ್ ಹೊತ್ತು ತಂದ ಎಂಎಸ್ಸಿ ಹುಡುಗರು, ಲೆಕ್ಕ ಬರೆಯದೆ ಚಹಾ ಕೊಟ್ಟ ಕ್ಯಾಂಟೀನಿನ ಅಣ್ಣ, ನಿಮಗೆಲ್ಲ ನಮಸ್ಕಾರ. ನಮ್ಮ ಅತ್ತೆಯವರಿಗೂ. 'ಇವತ್ತು ನಿನ್ನ ಹುಡುಗಿಯರ ದಿನ ಅಲ್ವಾ, ಅಡುಗೆ ನಾನು ನೋಡ್ಕೋತೀನಿ, ಹೋಗು' ಎಂದು ಅವರು ಆರು ವರ್ಷ ಹೇಳಿದ್ದಾರೆ. ಪ್ರಾಥಮಿಕ ಶಾಲೆ ದಾಟದ ಅವರು ಬಳಗ ಏನು ಮಾಡುತ್ತದೆ ಎಂದು ಒಂದು ಸಲವೂ ಸಂಶಯದಿಂದ ಕೇಳಲಿಲ್ಲ.

2020ರಲ್ಲಿ ಎಲ್ಲ ನಿಂತಾಗ ಭೇಟಿಗಳು ಆನ್‌ಲೈನ್ ಆದವು. ಅದೇ ನಮಗೆ ದೊಡ್ಡ ಬಾಗಿಲು ತೆರೆಯಿತು. ಅಲ್ಲಿಯವರೆಗೆ ದೂರದ ಊರುಗಳ ಭೇಟಿಗಳನ್ನು ಫೋಟೋದಲ್ಲಿ ನೋಡುತ್ತಿದ್ದ ನಾವು ಈಗ ಅವರ ಜೊತೆಗೇ ಕೂರುವಂತಾಯಿತು. ಬ್ಯೂನಸ್ ಐರಿಸ್‌ಗೂ ನಮಗೂ ಎಂಟೂವರೆ ಗಂಟೆ ವ್ಯತ್ಯಾಸ. ಅಲ್ಲಿನ ಒಬ್ಬ ಗೆಳತಿ ತನ್ನ ಮಧ್ಯಾಹ್ನದ ಊಟದ ಹೊತ್ತನ್ನು ನಮ್ಮ ರಾತ್ರಿಗೆ ಕೊಟ್ಟಳು. ಅವಳ ಇಂಗ್ಲಿಷೂ ತಡವರಿಸುತ್ತಿತ್ತು, ನಮ್ಮದೂ. ಅದರಿಂದ ನಮ್ಮ ಹುಡುಗಿಯರ ಹೆದರಿಕೆ ಹೋಯಿತು. ಎರರ್ ಬಂದರೆ ಪರದೆ ತೋರಿಸಲು ನಾಚುತ್ತಿದ್ದವರು ಕನ್ನಡ, ಇಂಗ್ಲಿಷ್ ಕೂಡಿಸಿ ಕೇಳತೊಡಗಿದರು.

ಆರ್ ಬಳಸುವವರ ಅಂತಾರಾಷ್ಟ್ರೀಯ ಸಮ್ಮೇಳನ ಯೂಸ್-ಆರ್ 2021ರಲ್ಲಿ ಪೂರ್ತಿ ಆನ್‌ಲೈನ್ ಇತ್ತು. ನಮ್ಮ ಒಬ್ಬ ಹುಡುಗಿಗೆ ಅಬ್‌ಸ್ಟ್ರಾಕ್ಟ್, ಅಂದರೆ ಅಲ್ಲಿ ಹೇಳಬೇಕೆಂದಿರುವ ಕೆಲಸದ ಸಾರಾಂಶ, ಕಳಿಸುವ ಆಸೆ, ಧೈರ್ಯವಿಲ್ಲ. ಆರ್-ಲೇಡೀಸ್‌ನಲ್ಲಿ ಒಂದು ಏರ್ಪಾಡಿದೆ. ಅಬ್‌ಸ್ಟ್ರಾಕ್ಟ್ ಕೊಟ್ಟರೆ ಎಲ್ಲಿಯದೋ ದೇಶದ ಸ್ವಯಂಸೇವಕಿಯರು ಓದಿ ಸಲಹೆ ಕೊಡುತ್ತಾರೆ. ಅವಳದಕ್ಕೆ ಇಬ್ಬರು ಬರೆದರು. ಅದು ಬರೀ ವ್ಯಾಕರಣ ತಿದ್ದುವ ಕೆಲಸ ಆಗಿರಲಿಲ್ಲ. 'ನೀನು ಮಾಡಿದ ಕೆಲಸ ಕೊನೆಯ ಸಾಲಿನಲ್ಲಿದೆ, ಅದನ್ನು ಮೊದಲಿಗೆ ತಾ' ಅಂದಿದ್ದರು. ನಮ್ಮ ಹೆಣ್ಣುಮಕ್ಕಳು ತಮ್ಮ ಕೆಲಸವನ್ನು ಯಾವಾಗಲೂ ಕೊನೆಯ ಸಾಲಿಗೇ ಇಡುತ್ತಾರೆ. ಆ ಸಲಹೆಯನ್ನು ಆಮೇಲೆ ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕವಿಲ್ಲ.

2024ರ ಏಪ್ರಿಲ್‌ನಲ್ಲಿ, ಕಂಪ್ಯೂಟರ್ ಕೆಲಸದ ಹೆಂಗಸರಿಗಾಗಿ ಇದ್ದ ವಿಮೆನ್ ಹೂ ಕೋಡ್ ಮುಚ್ಚಿತು. 2011ರಲ್ಲಿ ಶುರುವಾಗಿ ಲಕ್ಷಗಟ್ಟಲೆ ಸದಸ್ಯರಿದ್ದ ಸಂಸ್ಥೆ, ಹಣವಿಲ್ಲದೆ ನಿಂತಿತು. ಅವತ್ತು ನನಗೆ ನಿದ್ದೆ ಬರಲಿಲ್ಲ. ಆ ವರ್ಷ ಅಮ್ಮನ ಕಾಯಿಲೆ ಬೇರೆ, ಐದು ತಿಂಗಳು ನಾನು ಒಂದು ಭೇಟಿಯನ್ನೂ ನಡೆಸಲಿಲ್ಲ. ನಾನೊಬ್ಬಳು ಬಿದ್ದರೆ ಬಳಗವೇ ಬೀಳುವ ಹಾಗೆ ಇಟ್ಟುಕೊಂಡಿದ್ದು ನನ್ನದೇ ತಪ್ಪು ಎಂದು ಆಗ ಅರ್ಥವಾಯಿತು. ಈ ಇಬ್ಬರು ಹುಡುಗಿಯರು ಆಸ್ಪತ್ರೆಗೆ ಬಂದು, 'ಮೇಡಂ, ಪಾಸ್‌ವರ್ಡ್ ಕೊಡಿ ಸಾಕು' ಅಂದರು. ಆರನೇ ತಿಂಗಳ ಭೇಟಿ ನಡೆಯಿತು. ನಾನು ಅಮ್ಮನ ಮಂಚದ ಪಕ್ಕ ಕೂತು ಮೊಬೈಲಿನಲ್ಲಿ ನೋಡಿದೆ. ಹದಿನೆಂಟು ಜನ ಬಂದಿದ್ದರು. ಅಮ್ಮನೂ ಇಣುಕಿ ನೋಡಿದಳು.

ಹುಡುಗಿಯರೇ, ಇಬ್ಬರಿಗೂ ಥ್ಯಾಂಕ್ಸ್. ಈ ಆರು ವರ್ಷದಲ್ಲಿ ನಾನು ತಲೆಯಲ್ಲೇ ಇಟ್ಟುಕೊಂಡಿದ್ದನ್ನೆಲ್ಲ ಕನ್ನಡದಲ್ಲಿ ಬರೆದಿಟ್ಟಿದ್ದೇನೆ, ಕಡತ ನಿಮ್ಮ ಮೇಲ್‌ನಲ್ಲಿದೆ. ತಪ್ಪಿದ್ದರೆ ತಿದ್ದಿ, ನನ್ನನ್ನು ಕೇಳಬೇಕಿಲ್ಲ. ಎಕ್ಸ್‌ಟೆನ್ಶನ್ ಬಾಕ್ಸ್ ಮಾತ್ರ ಇನ್ನೂ ನಮ್ಮ ಮನೆಯಲ್ಲೇ ಇದೆ. ಮುಂದಿನ ಭೇಟಿಗೆ ತರುತ್ತೇನೆ, ಹಿಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಇಟ್ಟಿರಿ.