ಕಲಮಿನ ಮೊನೆ

ಪ್ರಿಯ ತಮ್ಮ,

ಕಸಿಯ ಬಗ್ಗೆ ನೀನು ಬರೆದ ಲೇಖನ ಓದಿದೆ. ಕಸಿ ಮಾಡಿದ ಮಾವಿಗೆ ‘ಕಲಮಿ ಮಾವು’ ಎಂಬ ಹೆಸರು ಬಂದ ಬಗೆಯನ್ನು ಹೇಳುತ್ತಾ ‘ಕಲಂ ಎಂದರೆ ಲೇಖನಿ’ ಎಂದಿಷ್ಟು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಲೇಖನಿಗೂ ಮಾವಿಗೂ ಏನು ನಂಟು? ಓದುಗ ಕೇಳುವುದು ಅದನ್ನೇ.

ಗ್ರೀಕಿನಲ್ಲಿ ‘ಕಾಲಮೋಸ್’ ಎಂದರೆ ಜೊಂಡು. ಅದರಿಂದ ಬಂದ ಅರಬ್ಬಿಯ ‘ಕಲಮ್’ ಜೊಂಡು ಕೆತ್ತಿ ಮಾಡಿದ ಲೇಖನಿಯ ಹೆಸರು. ಅದು ಫಾರ್ಸಿಯ ಮೂಲಕ ಹಿಂದಿ, ಮರಾಠಿಗಳಿಗೆ ಬಂತು, ಕಸಿ ಎಂಬ ಅರ್ಥದಲ್ಲಿ ತೋಟಕ್ಕೂ ಇಳಿಯಿತು. ನಮ್ಮ ಕೋರ್ಟು ಕಾಗದದಲ್ಲಿ ಕಾನೂನಿನ ವಿಧಿಗೆ ಹೇಳುವ ‘ಕಲಂ’ ಕೂಡ ಅದೇ ಮನೆತನದ್ದು. ಕಸಿಗೆ ಇಂಗ್ಲಿಷಿನಲ್ಲಿ ಹೇಳುವ ‘ಗ್ರಾಫ್ಟ್’ ಬೇರೆ ದಾರಿಯಲ್ಲಿ ಹೊರಟು ಇಲ್ಲಿಗೇ ಬಂದು ಸೇರಿದೆ: ಅದರ ಮೂಲ ಗ್ರೀಕಿನ ‘ಗ್ರಾಫೇಯಾನ್’, ಅಂದರೆ ಬರೆಯುವ ಮೊನಚು ಕಡ್ಡಿ, ಕಂಟ.

ಯಾಕೆಂದು ತಿಳಿಯಬೇಕಾದರೆ ನಿಘಂಟು ಮುಚ್ಚಿಟ್ಟು ಕಸಿಕಡ್ಡಿಯನ್ನು, ಅಂದರೆ ಬೇಕಾದ ಜಾತಿಯ ಮರದಿಂದ ಕತ್ತರಿಸಿ ತಂದ ಕಡ್ಡಿಯನ್ನು, ನೋಡು. ಪೆನ್ಸಿಲ್ ದಪ್ಪ, 10ರಿಂದ 15 ಸೆಂ.ಮೀ. ಉದ್ದ. ಬುಡದ ಎರಡೂ ಬದಿಯನ್ನು 3–4 ಸೆಂ.ಮೀ. ಓರೆಯಾಗಿ ಕೆತ್ತಿದರೆ ಥೇಟ್ ಲೇಖನಿಯ ಮೊನೆ. ಅದನ್ನು ಬೇರುಸಸಿಯ (ಬೇರು ಕೊಡುವ ಕೆಳಗಿನ ಗಿಡದ) ಸೀಳಿಗೆ ಬೆಣೆಯಂತೆ ಇಳಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ತೆಳು ಪದರಗಳು ಒಂದು ಬದಿಯಲ್ಲಾದರೂ ಒಂದಕ್ಕೊಂದು ತಾಗಬೇಕು. ಕಡ್ಡಿ ಬೇರುಸಸಿಗಿಂತ ಸಣ್ಣದಿದ್ದಾಗ ಅಂದ ನೋಡಿ ನಟ್ಟನಡುವೆ ಇಟ್ಟು ಕೆಡಿಸುವವರುಂಟು. ಒಂದು ಅಂಚಿಗೆ ಸರಿಸಿದರೆ ಹಿಡಿಯುತ್ತದೆ. ಮೊಂಡು ಚಾಕು ಆ ಪದರವನ್ನು ಜಜ್ಜುತ್ತದೆ. ಕೆತ್ತಿದ ಮೈ ಒಣಗಿದರೆ ಕೂಡಿಕೊಳ್ಳುವುದಿಲ್ಲ, ಕಟ್ಟಿನೊಳಗೆ ನೀರಿಳಿದರೆ ಕೊಳೆಯುತ್ತದೆ. ಎಲ್ಲ ಸರಿಹೋಗಿ ಚಿಗುರಿದ ಮೇಲೂ ಕಟ್ಟಿನ ಕೆಳಗೆ ಒಡೆದ ಚಿಗುರನ್ನು ಚಿವುಟದೆ ಬಿಟ್ಟರೆ, ಬೇರುಸಸಿಯೇ ಬೆಳೆದು ಮೇಲಿನ ಜಾತಿಯನ್ನು ಸೊರಗಿಸುತ್ತದೆ.

ಅಂಜೂರದ ಕಡ್ಡಿ ನೆಡುವುದನ್ನೂ ‘ಕಸಿ’ ಎಂದು ಬರೆದಿದ್ದೀಯ. ಹಿಂದಿಯಿಂದ ಅನುವಾದ ಮಾಡಿದ್ದರ ಗುರುತು ಅದು. ಅಲ್ಲಿ ‘ಕಲಮ್’ ಎಂದರೆ ಕಸಿಯೂ ಹೌದು, ನೆಟ್ಟು ಬೇರು ಬರಿಸುವ ತುಂಡು ಕಡ್ಡಿಯೂ ಹೌದು. ಕನ್ನಡದ ‘ಕಸಿ’ಗೆ ಎರಡು ಗಿಡ ಕೂಡಲೇಬೇಕು. ಈ ಲೆಕ್ಕಕ್ಕೆ ಗೂಟಿಯೂ ಕಸಿಯಲ್ಲ. ಅಲ್ಲಿ ಕೊಂಬೆ ಮರದ ಮೇಲೇ ಇದ್ದು ತನ್ನದೇ ಬೇರು ಬಿಡುತ್ತದೆ.

‘ಕಸಿ’ಯನ್ನು ‘ಕಸಿದುಕೊಳ್ಳು’ವಿಗೆ ಗಂಟು ಹಾಕಿರುವ ಸಾಲನ್ನು ಹೊಡೆದುಹಾಕು. ಕಿವಿಗೆ ಒಂದೇ ಕೇಳಿಸಿತು ಎಂಬುದು ಸಾಕ್ಷಿಯಲ್ಲ. ಹಳೆಯ ಪ್ರಯೋಗ ತೋರಿಸಬೇಕು, ಒಂದು ಅರ್ಥದಿಂದ ಇನ್ನೊಂದಕ್ಕೆ ದಾಟಿಸುವ ನಡುವಿನ ವಸ್ತುವನ್ನೂ ತೋರಿಸಬೇಕು. ‘ಕಲಮ್’ಗೆ ಓರೆ ಕೆತ್ತಿದ ಕಡ್ಡಿ ಇದೆ, ನಿನ್ನ ‘ಕಸಿದುಕೊಳ್ಳು’ವಿಗೆ ಏನಿದೆ?

ಆ ಕಡ್ಡಿಯಿಂದಲೇ ಲೇಖನ ಶುರುಮಾಡು, ಗ್ರೀಕು ಮೂರನೆಯ ಪ್ಯಾರಾಕ್ಕೆ ಬರಲಿ. ತಿದ್ದಿದ ಮೇಲೆ ಕಳಿಸು.

ಇಂತಿ ನಿನ್ನ
ಅಣ್ಣ